ಬೇಡ ಎನ್ನದವಳಿಗೊಂದು ಸನ್ಮಾನ ಪತ್ರ

ಶಾಲು, ಹಾರ, ಹಣ್ಣಿನ ಬುಟ್ಟಿ ಪೇಟೆಯಲ್ಲಿ ಸಿಗುತ್ತವೆ, ಸನ್ಮಾನ ಪತ್ರ ಮಾತ್ರ ಬೆನೆಡಿಕ್ಟಾ ಟೀಚರ ಮನೆಯಲ್ಲೇ ಸಿಗುವುದು ಎಂದು ಫಾದರ್ ಸಿಪ್ರಿಯನ್ ತಮಾಷೆ ಮಾಡುತ್ತಿದ್ದರು. ಮಾತು ಸುಳ್ಳಲ್ಲ. ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಸಿಗುವ ಆ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಯಾರಿಗೆ ಸನ್ಮಾನವಾದರೂ ಪತ್ರ ಬರೆದವಳು ಅವಳು, ವೇದಿಕೆಯ ಬದಿಯಲ್ಲಿ ನಿಂತು ಅದನ್ನು ಓದಿದವಳೂ ಅವಳೇ. ನಿವೃತ್ತರಾದ ಹೆಡ್‌ಮಾಸ್ಟರು, ಶಾಲೆಗೆ ಜಾಗ ಬಿಟ್ಟುಕೊಟ್ಟ ದಾನಿ, ಗಂಟೆ ಬಾರಿಸುತ್ತಲೇ ಮುದುಕನಾದ ಲಾದ್ರು, ಎಲ್ಲರೂ ಅವಳ ಮಾತುಗಳಲ್ಲಿ ಚೌಕಟ್ಟಿನೊಳಗೆ ಕುಳಿತು ತಮ್ಮ ತಮ್ಮ ಮನೆಯ ಗೋಡೆ ಸೇರಿದ್ದರು.

ತಾನು ಮಾತ್ರ ವೇದಿಕೆಯ ನಡುವಿನ ಕುರ್ಚಿಯಲ್ಲಿ ಒಮ್ಮೆಯೂ ಕುಳಿತವಳಲ್ಲ. ಎರಡು ಸಲ ಕೇಳಿದ್ದರು. "ನನಗೆ ಎಂತಕ್ಕೆ ಫಾದರ್, ಬೇಡ" ಎಂದಿದ್ದಳು. ಹಾಗೆ ಬೇಡ ಎಂದದ್ದೇ ಅವಳಿಗೆ ಹೆಸರು ತಂದಿತ್ತು. ಮಾಸಲು ಬಣ್ಣದ ಹತ್ತಿ ಸೀರೆ, ಕುತ್ತಿಗೆಯಲ್ಲಿ ಒಂದೆಳೆ ಸರ, ಪೂಜೆಗೆ ಹಿಂದಿನ ಬೆಂಚು, ಊಟಕ್ಕೆ ಕೊನೆಯ ಪಂಕ್ತಿ. "ಅಷ್ಟು ಕಲಿತೂ ಎಷ್ಟು ದೀನ ಹೆಂಗಸು ನೋಡಿ" ಎಂದು ಯಾರಾದರೂ ಹೇಳುವಾಗ ಅವಳು ಕೇಳಿಸದವಳ ಹಾಗೆ ಮುಂದೆ ಹೋಗುತ್ತಿದ್ದಳು. ಆದರೆ ಪ್ರತಿ ಸಲವೂ ಕೇಳಿಸುತ್ತಿತ್ತು.

ಅಂಥವಳನ್ನು 2006ರ ಆಗಸ್ಟಿನ ಒಂದು ಭಾನುವಾರ ಫಾದರ್ ತಮ್ಮ ಕೋಣೆಗೆ ಕರೆದರು.

"ಬರುವ ತಿಂಗಳು ತೆನೆ ಹಬ್ಬದ ದಿವಸ ಕಾರ್ಮಿನ್ ಬಾಯಿಯವರಿಗೆ ಸನ್ಮಾನ ಮಾಡುವ ಅಂತ ಕೌನ್ಸಿಲಿನಲ್ಲಿ ಆಯ್ತು ಟೀಚರ್. ಪತ್ರ ನಿಮ್ಮದೇ. ನೀವು ಆಫ್ರಿಕಾದಲ್ಲಿ ಅವರ ಒಟ್ಟಿಗೆ ಇದ್ದವರು, ನಿಮಗೆ ಗೊತ್ತಿದ್ದಷ್ಟು ಇನ್ನು ಯಾರಿಗೆ ಗೊತ್ತುಂಟು?"

"ಯಾವ ವಿಷಯಕ್ಕೆ ಸನ್ಮಾನ ಫಾದರ್?"

"ದೀನತೆಗೆ" ಎಂದರು ಫಾದರ್.

ಬೆನೆಡಿಕ್ಟಾಗೆ ಕುಳಿತ ಕುರ್ಚಿ ಸ್ವಲ್ಪ ಸರಿದ ಹಾಗಾಯಿತು. ಕಾರ್ಮಿನ್ ಎಂದರೆ ಮಡಂತ್ಯಾರಿನ ಬೇಕರಿಯ ಗಲ್ಲಾದಲ್ಲಿ ಕೂರುವ ಕಾರ್ಮಿನ್. ಅವಳು ನಕ್ಕರೆ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ. ಪೂಜೆಗೆ ತಡವಾಗಿ ಬಂದರೂ ಮುಂದಿನ ಬೆಂಚಿಗೇ ಹೋಗಿ ಎರಡು ಜನರ ನಡುವೆ ತೂರಿ ಕೂರುತ್ತಾಳೆ. ಕೈತುಂಬ ಬಳೆ. ಮೂಡುಬಿದಿರೆಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸು. ಕಾರ್ಮಿನ್ ಕೊನೆಯ ವರ್ಷ ಫೇಲಾಗಿ, ಅದನ್ನೂ ನಕ್ಕುಕೊಂಡೇ ಹೇಳಿಕೊಂಡು ತಿರುಗಿದವಳು. ಅವಳಿಗೆ ಹಾಡಿಗೆ ಸನ್ಮಾನ ಕೊಡಲಿ, ಕೇಕಿಗೆ ಕೊಡಲಿ. ದೀನತೆಗೆ!

ಫಾದರ್ ಮೇಜಿನ ಮೇಲಿದ್ದ ಕಾಗದ ಬಿಡಿಸಿದರು. "ತಾಂಜಾನಿಯಾದ ಆಶ್ರಮದಿಂದ ಸಿಸ್ಟರ್ ಅನ್ಸಿಲ್ಲಾ ಬರೆದದ್ದು. ಕೇಳಿ. 'ಕಾರ್ಮಿನ್ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಒಬ್ಬರು ಹೇಳಿದ್ದನ್ನು ಕೇಳಿ ಅವಳನ್ನು ವಾರ್ಡಿನಿಂದ ತೆಗೆದು ಅಡುಗೆಮನೆಗೆ ಹಾಕಿದೆ. ಅವಳು ಎದುರಾಡಲಿಲ್ಲ. ಯಾರು ಹೇಳಿದ್ದೆಂದು ಕೇಳಲಿಲ್ಲ. ಹದಿನೈದು ದಿನ ಜಪ ಮಾಡುತ್ತಾ ಗಂಜಿ ತಿರುವಿದಳು. ದೀನತೆ ಎಂದರೆ ಏನೆಂದು ನಾನು ಅವಳಿಂದ ಕಲಿತೆ.'"

ಫಾದರ್ ಕನ್ನಡಕ ತೆಗೆದರು. "ಆ ಒಬ್ಬರು ಅಂದರೆ ಯಾರೋ ಏನೋ. ಅದು ನಮಗೆ ಬೇಡ. ಅಲ್ವಾ?"

"ಹೌದು ಫಾದರ್, ಬೇಡ."

ಆ ಒಬ್ಬರು ಬೆನೆಡಿಕ್ಟಾಳೇ.

ಅವರಿಬ್ಬರೂ ಅಲ್ಲಿಗೆ ಹೋದದ್ದು ಆ ವರ್ಷದ ಏಪ್ರಿಲಿನಲ್ಲಿ, ಶಾಲೆಗೆ ರಜೆ ಸಿಕ್ಕಿದ ಮೇಲೆ. ತಾಂಜಾನಿಯಾದ ಒಂದು ಹಳ್ಳಿಯಲ್ಲಿ ಸಿಸ್ಟರುಗಳು ದಿಕ್ಕಿಲ್ಲದ ಮುದುಕಿಯರಿಗಾಗಿ ಆಶ್ರಮ ನಡೆಸುತ್ತಿದ್ದರು. ಆರು ವಾರದ ಸೇವೆಗೆ ಈ ಚರ್ಚಿನಿಂದ ಇಬ್ಬರು ಬರಬಹುದು ಎಂದು ಕರೆ ಬಂದಿತ್ತು. ಬೆನೆಡಿಕ್ಟಾಳ ಹೆಸರನ್ನು ಫಾದರೇ ಹೇಳಿದರು. ಕಾರ್ಮಿನ್ ತನ್ನ ಹೆಸರನ್ನು ತಾನೇ ಕೊಟ್ಟಳು. "ವಿಮಾನದಲ್ಲಿ ಕೂತ ಹಾಗೂ ಆಯ್ತು, ಪುಣ್ಯ ಬಂದ ಹಾಗೂ ಆಯ್ತು" ಎಂದು ಚರ್ಚಿನ ಮೆಟ್ಟಿಲಲ್ಲೇ ನಕ್ಕಳು.

ಅಲ್ಲಿ ಮುಟ್ಟಿದ ದಿನವೇ ಬೆನೆಡಿಕ್ಟಾ ಪಾಯಿಖಾನೆ ತೊಳೆಯುವ ಕೆಲಸವನ್ನು ಕೇಳಿ ತೆಗೆದುಕೊಂಡಳು. ಹರಿದ ಹಾಸಿಗೆ ತನಗಿರಲಿ ಎಂದು ಒಳ್ಳೆಯದನ್ನು ಕಾರ್ಮಿನ್‌ಗೆ ಬಿಟ್ಟಳು. ಕಾರ್ಮಿನ್ "ಥ್ಯಾಂಕ್ಸ್ ಮಾರಾಯ್ತಿ" ಎಂದು ಅದರ ಮೇಲೆ ಬಿದ್ದು ಗೊರಕೆ ಹೊಡೆದಳು. ಒಂದು ಸಲವಾದರೂ 'ಬೇಡ, ನೀನೇ ಮಲಗು' ಎನ್ನಬಹುದಿತ್ತು.

ವಾರ್ಡಿನಲ್ಲಿ ರೆಹೆಮಾ ಎಂಬ ಮುದುಕಿಯಿದ್ದಳು. ಅಜ್ಜಿಗೆ ಅಲ್ಲಿ ಬೀಬಿ ಎನ್ನುತ್ತಾರೆ. ಬೀಬಿ ರೆಹೆಮಾಗೆ ಕಣ್ಣು ಮಂಜು, ಕಾಲಲ್ಲಿ ಮಾಯದ ಹುಣ್ಣು. ಅವಳದೆಂದು ಹೇಳಲು ಇದ್ದದ್ದು ಒಂದು ಹೇಂಟೆ ಕೋಳಿ. ಅದು ಮಂಚದ ಕೆಳಗೆ ಬುಟ್ಟಿಯಲ್ಲಿ ಮಲಗುತ್ತಿತ್ತು. ಬೆನೆಡಿಕ್ಟಾ ದಿನಾ ಆ ಕಾಲು ತೊಳೆದು, ಮದ್ದು ಹಚ್ಚಿ, ಬಟ್ಟೆ ಕಟ್ಟುತ್ತಿದ್ದಳು. ಎರಡನೆಯ ವಾರ ಒಂದು ಬೆಳಗ್ಗೆ ಮುದುಕಿ ಬುಟ್ಟಿಗೆ ಕೈ ಹಾಕಿ, ಇನ್ನೂ ಬೆಚ್ಚಗಿದ್ದ ಮೊಟ್ಟೆ ತೆಗೆದು, ತಡವರಿಸುತ್ತ ಅವಳ ಕೈಯಲ್ಲಿಡಲು ಬಂದಳು.

"ಬೇಡ, ಬೇಡ" ಎಂದು ಬೆನೆಡಿಕ್ಟಾ ಕೈ ಹಿಂದೆ ಎಳೆದುಕೊಂಡಳು.

ನಮ್ಮ ಕಡೆ ಅದು ರೂಢಿ. ಯಾರ ಮನೆಗೆ ಹೋದರೂ ಮೊದಲು ಬೇಡ ಎನ್ನಬೇಕು. ಚಾ ಬೇಡ, ಈಗಷ್ಟೇ ಆಯಿತು. ಊಟ ಬೇಡ, ಮನೆಯಲ್ಲಿ ಕಾಯುತ್ತಾರೆ. ಮನೆಯವರು ಬಿಡಬಾರದು. ಎರಡನೆಯ ಸಲ ಬೇಡ ಎನ್ನುವಾಗ ಸ್ವರ ಸ್ವಲ್ಪ ತಗ್ಗುತ್ತದೆ, ಮೂರನೆಯ ಸಲಕ್ಕೆ 'ಹಾಗಾದ್ರೆ ಅರ್ಧ ಲೋಟ ಸಾಕು' ಎಂದು ಕೂರುವುದು. ಮೊದಲ ಸಲಕ್ಕೇ ಕೈ ಒಡ್ಡಿದವಳು ಆಸೆಬುರುಕಿ, ಮೊದಲ ಸಲಕ್ಕೇ ಬಿಟ್ಟುಬಿಟ್ಟ ಮನೆಯವರು ಜುಗ್ಗರು. ಇನ್ನೆರಡು ಸಲ ಒತ್ತಾಯ ಬರುತ್ತದೆಂದು ಬೆನೆಡಿಕ್ಟಾ ಕಾದಳು.

ರೆಹೆಮಾ ಒತ್ತಾಯ ಮಾಡಲಿಲ್ಲ. ಮೊಟ್ಟೆ ಹಿಡಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುದುಕಿ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮರುದಿನದ ಮೊಟ್ಟೆ ಕಾರ್ಮಿನ್‌ಗೆ ಹೋಯಿತು. ಅವಳು ಎರಡೂ ಕೈ ಒಡ್ಡಿದಳು. "ಅಯ್ಯೋ ನನ್ನ ಅಜ್ಜಿಯೇ!" ಎಂದು ಅಲ್ಲಿಯವರಿಗೆ ತಿಳಿಯದ ಭಾಷೆಯಲ್ಲಿ ಕೂಗಿ, ಮೊಟ್ಟೆಯನ್ನು ಬೇಯಿಸಿ ತಂದು, ಮುದುಕಿಯ ಎದುರೇ ಕೂತು ಉಪ್ಪು ಮುಟ್ಟಿಸಿ ತಿಂದಳು. ರೆಹೆಮಾ ಆ ದಿನ ಹಲ್ಲಿಲ್ಲದ ಬಾಯಿ ತೆರೆದು ಎಷ್ಟು ನಕ್ಕಳೆಂದರೆ ಹೇಂಟೆ ಹೆದರಿ ಹೊರಗೆ ಓಡಿತು. ಅಲ್ಲಿಂದ ಸುರುವಾಯಿತು. ಒಬ್ಬಳು ನೆಲಗಡಲೆ ಕೊಟ್ಟಳು. ಒಬ್ಬಳು ಹಳೆಯ ಹೂವಿನ ಬಟ್ಟೆ ಹೊದೆಸಿದಳು. ಇಬ್ಬರು ಸೇರಿ ಅವಳ ತಲೆಗೆ ಹದಿನಾರು ಸಣ್ಣ ಜಡೆ ಹೆಣೆದರು. ಕಾರ್ಮಿನ್ ಎಲ್ಲವನ್ನೂ ತೆಗೆದುಕೊಂಡಳು, ಯಾವುದಕ್ಕೂ ನಾಚಲಿಲ್ಲ.

ಕಾಲು ತೊಳೆದವಳು ತಾನು. ಮೊಟ್ಟೆ ತಿಂದವಳು ಅವಳು. ಬಕೆಟ್ ಹಿಡಿದು ನಡೆಯುವಾಗ, ಬಟ್ಟೆ ಹಿಂಡುವಾಗ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಬೆನೆಡಿಕ್ಟಾಗೆ ಇದೇ ಲೆಕ್ಕ. ನಾಲ್ಕನೆಯ ವಾರ ಅವಳು ಸಿಸ್ಟರ್ ಅನ್ಸಿಲ್ಲಾರ ಬಾಗಿಲು ತಟ್ಟಿದಳು. ಸಿಸ್ಟರ್ ಕೇರಳದವರು, ಮಂಗಳೂರಿನಲ್ಲಿ ಓದಿ ಕನ್ನಡ ಕಲಿತವರು. ಬೆನೆಡಿಕ್ಟಾ ಮಾತನ್ನು ಮೊದಲೇ ಜೋಡಿಸಿಟ್ಟಿದ್ದಳು.

"ದೂರು ಅಂತ ಅಲ್ಲ ಸಿಸ್ಟರ್. ಏನೂ ಇಲ್ಲದವರ ಕೈಯಿಂದ ತೆಗೆದುಕೊಳ್ಳುವುದು ಸೇವೆಗೆ ಬಂದವರಿಗೆ ಶೋಭೆಯೇ ಎಂದು ಮನಸ್ಸಿಗೊಂದು ಸಂಕಟ, ಅಷ್ಟೆ. ಹೆಸರು ಹೇಳುವುದಿಲ್ಲ."

ಹೆಸರು ಹೇಳಬೇಕಾಗಿಯೂ ಇರಲಿಲ್ಲ. ಸೇವೆಗೆ ಬಂದವರಲ್ಲಿ ಹದಿನಾರು ಜಡೆ ಇದ್ದದ್ದು ಒಬ್ಬಳಿಗೇ.

ಮರುದಿನವೇ ಕಾರ್ಮಿನ್ ಅಡುಗೆಮನೆಗೆ. ವಾರ್ಡಿಗೆ ಕಾಲಿಡಕೂಡದು. ಬೆನೆಡಿಕ್ಟಾಗೆ ಮೂರು ದಿನ ಹಗುರವಾಗಿತ್ತು. ನಾಲ್ಕನೆಯ ದಿನ ರೆಹೆಮಾ ಹೇಂಟೆಯ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಸಿಕೊಂಡು, ಗೋಡೆ ಹಿಡಿದು ಹಿಡಿದು, ಅಡುಗೆಮನೆಯ ಅಂಗಳಕ್ಕೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ವಾರದೊಳಗೆ ನಡೆಯಲು ಆಗುವವರೆಲ್ಲ ಅಲ್ಲೇ ಚಾಪೆ ಹಾಕಿ ಕೂತಿದ್ದರು. ಒಬ್ಬಳು ಸೌದೆ ಮುರಿದುಕೊಟ್ಟರೆ ಇನ್ನೊಬ್ಬಳು ಬೀನ್ಸ್ ಬಿಡಿಸಿಕೊಡುತ್ತಿದ್ದಳು. ಅಲ್ಲಿಂದ ನಗು ಕೇಳಿಸುತ್ತಿತ್ತು. ಬೆನೆಡಿಕ್ಟಾ ತಾನೇ ತೊಳೆದು ಒರೆಸಿದ ವಾರ್ಡಿನಲ್ಲಿ, ಖಾಲಿ ಮಂಚಗಳ ನಡುವೆ, ಬಕೆಟ್ ಹಿಡಿದು ನಿಂತಿದ್ದಳು.

ವಾಪಸು ಬರುವಾಗ ವಿಮಾನದಲ್ಲಿ ಕಾರ್ಮಿನ್ ನಿದ್ದೆ ಮಾಡಿದಳು. ಬೆನೆಡಿಕ್ಟಾ ಎಚ್ಚರವಿದ್ದು ಆ ಮುಖವನ್ನೇ ನೋಡಿದಳು. ಸಿಸ್ಟರಿಗೆ ಹೇಳಿದ್ದು ಯಾರೆಂದು ಇವಳಿಗೆ ಗೊತ್ತುಂಟಾ, ಇಲ್ಲವಾ? ಅಂದಿನಿಂದ ಪ್ರತಿ ಭಾನುವಾರವೂ ಮುಂದಿನ ಬೆಂಚಿನ ಆ ಬೆನ್ನನ್ನು ನೋಡಿ ಅದೇ ಪ್ರಶ್ನೆ.

ಈಗ ಪತ್ರ. ಮೊದಲ ಪ್ರತಿ ಒಂದೇ ಸಂಜೆಗೆ ಬಂತು. 'ಸದಾ ನಗುಮೊಗದವರೂ, ಯಾರು ಏನು ಕೊಟ್ಟರೂ ಮುಕ್ತ ಮನಸ್ಸಿನಿಂದ ಸ್ವೀಕರಿಸುವವರೂ, ಯಾವ ಕೆಲಸ ಸಿಕ್ಕಿದರೂ ತೃಪ್ತಿಪಡುವವರೂ ಆದ...' ಓದಿ ನೋಡಿದರೆ ಒಂದಕ್ಷರ ತಪ್ಪಿಲ್ಲ, ಒಂದಕ್ಷರ ಪ್ರೀತಿಯೂ ಇಲ್ಲ. ಎರಡು ದಿನ ಅದು ಮೇಜಿನ ಮೇಲಿತ್ತು. ಮೂರನೆಯ ದಿನ ಪೂಜೆಯಿಂದ ಬಂದವಳೇ ಬೇರೆ ಹಾಳೆ ತೆಗೆದು ಎಲ್ಲವನ್ನೂ ಬರೆದಳು. ಮೊಟ್ಟೆ, ಬಾಗಿಲು ತಟ್ಟಿದ್ದು, ಖಾಲಿ ವಾರ್ಡು. ಮೂರು ಪುಟ. ಬರೆಯುತ್ತ ಅತ್ತಳು. ಇದನ್ನು ಮೈಕಿನ ಮುಂದೆ ಓದಿದರೆ ಸಭೆ ಹೇಗೆ ಸ್ತಬ್ಧವಾಗುತ್ತದೆ, ಯಾರು ಯಾರು ಕಣ್ಣೊರೆಸುತ್ತಾರೆ ಎಂಬುದೂ ಕಣ್ಣಿಗೆ ಕಟ್ಟಿತು.

ಹಬ್ಬಕ್ಕೆ ಹದಿನೈದು ದಿನ ಇರುವಾಗ, ಶಾಲೆ ಬಿಟ್ಟು ಬಂದು ಚಾ ಕುಡಿದು ಎದ್ದಿದ್ದಳಷ್ಟೆ, ಅಂಗಳದಲ್ಲಿ ಬಳೆ ಸದ್ದಾಯಿತು.

"ಬೆನ್ನಾ, ಇದ್ದಿಯಾ?" ಕಾರ್ಮಿನ್ ಕೈಯಲ್ಲಿ ಎಣ್ಣೆ ಹಿಡಿದ ಕಾಗದದ ಪೊಟ್ಟಣ. "ಎಗ್ ಪಪ್ಸ್. ಈಗ ಓವನಿನಿಂದ ತೆಗೆದದ್ದು, ಬಿಸಿ ಉಂಟು. ತೆಗೊ."

"ಬೇಡ ಮಾರಾಯ್ತಿ, ಈಗಷ್ಟೇ ಚಾ ಆಯ್ತು."

"ಆಯ್ತು ಹಾಗಾದ್ರೆ." ಕಾರ್ಮಿನ್ ಪೊಟ್ಟಣವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು. "ಆಫ್ರಿಕಾಕ್ಕೆ ಹೋಗಿ ನಾನು ಕಲಿತದ್ದು ಇದೊಂದೇ. ಬೇಡ ಅಂದವರಿಗೆ ಕೊಡ್ಲಿಕ್ಕಿಲ್ಲ. ಪತ್ರ ತೋರ್ಸು, ಎಂತ ಬರ್ದಿದ್ದಿ ನೋಡುವ."

ತೋರಿಸುವುದಿಲ್ಲ ಎನ್ನುವ ಮೊದಲೇ ಅವಳು ಮೇಜಿನ ಹತ್ತಿರ ಹೋಗಿಯಾಗಿತ್ತು. ಮೊದಲ ಪ್ರತಿಯನ್ನು ಗಟ್ಟಿಯಾಗಿ ಓದಿದಳು. "ಬಾರೀ ಲಾಯ್ಕ ಉಂಟು. ಆದ್ರೆ ಇದ್ರಲ್ಲಿ ಮುಳ್ಳುಂಟು ಬೆನ್ನಾ, ಸಣ್ಣ ಮುಳ್ಳು. ನುಂಗಿದ ಮೇಲೆ ಗೊತ್ತಾಗುವಂಥದ್ದು." ಆಮೇಲೆ ಅಡಿಯಲ್ಲಿದ್ದ ಮೂರು ಪುಟ ಎತ್ತಿಕೊಂಡಳು. ಇದನ್ನು ಗಟ್ಟಿಯಾಗಿ ಓದಲಿಲ್ಲ. ಬೆನೆಡಿಕ್ಟಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಾಗಿಲಿಗೆ ಒರಗಿ ನಿಂತಳು.

"ಇದು ಯಾರ ಸನ್ಮಾನ ಪತ್ರ?" ಎಂದಳು ಕಾರ್ಮಿನ್ ಕೊನೆಗೆ.

"ನಿನ್ನದೇ."

"ನನ್ನ ಹೆಸರು ಇದ್ರಲ್ಲಿ ನಾಲ್ಕು ಸಲ ಉಂಟು. 'ನಾನು, ನಾನು' ಅಂತ ಎಷ್ಟು ಸಲ ಉಂಟು, ನೀನೇ ಎಣಿಸು. ಟೀಚರ್ ಅಲ್ವಾ?"

"ಕಾರ್ಮಿನ್, ಸಿಸ್ಟರಿಗೆ ಹೇಳಿದ್ದು ನಾನು."

"ಗೊತ್ತುಂಟು. ಅವತ್ತೇ ಗೊತ್ತಾಗಿದೆ. 'ಮನಸ್ಸಿಗೊಂದು ಸಂಕಟ' ಅಂತ ಹೇಳಿ ಬೈದ್ರು ಸಿಸ್ಟರ್. ಅವರಿಗೆ ಅಷ್ಟು ಒಳ್ಳೆ ಕನ್ನಡ ಎಲ್ಲಿಂದ ಬರ್ಬೇಕು?"

"ಮತ್ತೆ ನೀನು ಒಂದು ಮಾತೂ ಆಡಲಿಲ್ಲ. ಜಪ ಮಾಡ್ತಾ..."

"ಜಪವಾ!" ಕಾರ್ಮಿನ್ ಮೇಜು ಬಡಿದು ನಕ್ಕಳು. "ಗಂಜಿ ತಿರುವಿಕೊಂಡು ನಾನು ತುಳುವಿನಲ್ಲಿ ನಿನ್ನನ್ನು ಬೈತಾ ಇದ್ದದ್ದು. ನಿನ್ನ ಅಜ್ಜನಿಂದ ಸುರು ಮಾಡಿ ಒಬ್ಬೊಬ್ಬರನ್ನೇ. ಸಿಸ್ಟರ್ ಹಿಂದಿನಿಂದ ಬಂದು ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿ ಹೋದ್ರು!"

"ಹಾಗಾದ್ರೆ ನೀನು ದೀನಳು ಅಲ್ಲವೇ ಅಲ್ಲ!" ಬೆನೆಡಿಕ್ಟಾಳ ಬಾಯಿಂದ ಅದು ಹಾರಿಯೇ ಹೋಯಿತು. ಅದರಲ್ಲಿದ್ದ ಸಂತೋಷ ಅವಳಿಗೇ ಕೇಳಿಸಿತು.

"ಅಲ್ಲ ಅಂತ ನಾನೇ ಹೇಳುದಲ್ವಾ? ಆದ್ರೆ ಶಾಲು ನನಗೆ ಬೇಕು." ಕಾರ್ಮಿನ್ ನಗು ನಿಲ್ಲಿಸಿದಳು. "ಮೂಡುಬಿದಿರೆಯಲ್ಲಿ ಪ್ರೈಜು ಪೂರಾ ನಿನಗೆ. ಇಲ್ಲಿ ಟೀಚರು ಟೀಚರು ಅಂತ ಎಲ್ಲರ ಬಾಯಲ್ಲಿ ನೀನು. ನನಗೆ ಹೊಟ್ಟೆಕಿಚ್ಚು ಆಗ್ಲಿಲ್ಲ ಅಂತ ಎಣಿಸಿದ್ದಿಯಾ? ಬ್ರೆಡ್ ಕಟ್ ಮಾಡುವವಳಿಗೆ ಯಾರು ಶಾಲು ಹಾಕ್ತಾರೆ? ಈಗ ಒಂದು ಬಂದಿದೆ. ತಪ್ಪಾಗಿ ಬಂದದ್ದಾದ್ರೂ ಬಂದಿದೆ. ನೀನು ಆ ದಿನ ಮೈಕಿನಲ್ಲಿ ಇದನ್ನು ಓದಿ ಅತ್ರೆ ಎಂತ ಆಗ್ತದೆ ಹೇಳು? ಊಟಕ್ಕೆ ಕೂತವರೆಲ್ಲ 'ಟೀಚರು ಎಷ್ಟು ದೀನ ಹೆಂಗಸು' ಅಂತ ನಿನ್ನದೇ ಮಾತು. ನಾನು ಶಾಲು ಹೊದ್ದುಕೊಂಡು ಬಾಯಿ ನೋಡುದು. ಪಾಪ ಹೇಳ್ಲಿಕ್ಕಿದ್ರೆ ಕುಮ್ಸಾರಿಗೆ ಹೋಗು, ಫಾದರ್ ಕಿವಿಗೆ ಹೇಳು. ಒಂದು ದಿನ ನನಗೆ ಬಿಡು ಮಾರಾಯ್ತಿ."

ಅವಳು ಹೋದ ಮೇಲೂ ಕೋಣೆಯಲ್ಲಿ ಪಪ್ಸಿನ ಪರಿಮಳ ಇತ್ತು. ಗೇಟಿನವರೆಗೆ ಹೋಗಿ 'ಒಂದು ಕೊಟ್ಟು ಹೋಗು' ಎನ್ನಬೇಕೆಂದು ಬೆನೆಡಿಕ್ಟಾಗೆ ಅನಿಸಿತು. ಹೋಗಲಿಲ್ಲ. ಮೂರು ಪುಟಗಳನ್ನು ತೆಗೆದು ಕಣ್ಣಾಡಿಸಿದಳು. ಎಣಿಸತೊಡಗಿ, ಮೊದಲ ಪುಟದಲ್ಲೇ ಹದಿನೇಳು 'ನಾನು' ಸಿಕ್ಕಿದ ಮೇಲೆ ನಿಲ್ಲಿಸಿ, ಒಲೆಗೆ ಹಾಕಿದಳು.

ಶನಿವಾರ ಕುಮ್ಸಾರಿಗೆ ಹೋದಳು. ಮಂಡಿಯೂರಿ, ಜಾಲರಿಯ ಆಚೆಗಿದ್ದ ಕಿವಿಗೆ ಎಲ್ಲವನ್ನೂ ಹೇಳಿದಳು. ಫಾದರ್ ಪ್ರಾಯಶ್ಚಿತ್ತಕ್ಕೆಂದು ಮೂರು ನಮೋ ಮರಿಯಾ ಜಪಿಸಲು ಹೇಳಿದರು. ಅಷ್ಟೇಯಾ ಎನಿಸಿತು. ಇಷ್ಟು ದಿನ ಹೊತ್ತು ತಿರುಗಿದ ಪಾಪಕ್ಕೆ ಮೂರೇ!

ಆಮೇಲೆ ಕೂತು ಬರೆದ ಹೊಸ ಪತ್ರವನ್ನು ಬೆಳ್ತಂಗಡಿಗೆ ಒಯ್ದು ನಿಝಾರ್‌ನ ಪ್ರಿಂಟಿಂಗ್ ಅಂಗಡಿಯಲ್ಲಿ ಕೊಟ್ಟಳು. ನಿಝಾರ್ ಏಳನೇ ಕ್ಲಾಸಿನಲ್ಲಿ ಅವಳ ಶಿಷ್ಯನಾಗಿದ್ದವನು. ಕಂಪ್ಯೂಟರಿನಲ್ಲಿ ಹೊಡೆದು ಮುಗಿಸಿ ತಲೆ ಕೆರೆದುಕೊಂಡ.

"ಟೀಚರೇ, ಇಷ್ಟೇಯಾ? ಫ್ರೇಮಿನಲ್ಲಿ ಅರ್ಧ ಖಾಲಿ ಕಾಣ್ತದೆ. 'ಸರಳ ಸಜ್ಜನಿಕೆಯ ಸಾಕಾರ ಮೂರ್ತಿ' ಅಂತ ಒಂದು ಸಾಲು ಹಾಕುವನಾ? ಹಿಂದೆ ನೀವೇ ಬರೆದದ್ದು, ರೆಡಿ ಉಂಟು ಇದರಲ್ಲಿ."

"ಬೇಡಪ್ಪ. ಅಕ್ಷರ ದೊಡ್ಡದು ಮಾಡು."

"ಕೆಳಗೆ ನಿಮ್ಮ ಹೆಸರು?"

"ಅದೂ ಬೇಡ."

ಮೆಟ್ಟಿಲಿಳಿದ ಮೇಲೆ ಅನುಮಾನ ಬಂತು. ಈ ಬೇಡ ಯಾವ ಬೇಡ? ಹೆಸರಿಲ್ಲದ್ದನ್ನು ಯಾರಾದರೂ ಕಂಡು 'ನೋಡಿ, ಹೆಸರೂ ಹಾಕಿಸಿಕೊಳ್ಳಲಿಲ್ಲ' ಎನ್ನಲಿ ಎಂದೇ? ಬಸ್ಸು ಮಡಂತ್ಯಾರು ಮುಟ್ಟುವವರೆಗೂ ಅವಳಿಗೆ ಅದು ತೀರ್ಮಾನವಾಗಲಿಲ್ಲ.

ತೆನೆ ಹಬ್ಬದ ದಿನ ಮಕ್ಕಳು ಮಾತೆ ಮರಿಯಾಗೆ ಹೂ ಹಾಕಿ ಮುಗಿಸಿ, ಆಶೀರ್ವಾದದ ಹೊಸ ತೆನೆಗಳನ್ನು ಹಂಚಿ ಆದ ಮೇಲೆ ಸಭಾಂಗಣ ತುಂಬಿತು. ಫಾದರ್ ಸಿಸ್ಟರರ ಕಾಗದವನ್ನು ಪೂರ್ತಿ ಓದಿದರು. 'ಒಬ್ಬರು ಹೇಳಿದ್ದನ್ನು ಕೇಳಿ' ಎಂಬಲ್ಲಿಗೆ ಬಂದಾಗ ಬೆನೆಡಿಕ್ಟಾ ಕೈಯಲ್ಲಿದ್ದ ಪತ್ರದ ಕಡೆಗೆ ಕಣ್ಣು ತಗ್ಗಿಸಿದಳು. ಫಾದರ್ ತಲೆ ಎತ್ತದೆ ಮುಂದಿನ ಸಾಲಿಗೆ ಹೋದರು. ನಡುವಿನ ಕುರ್ಚಿಯಲ್ಲಿ ಕಾರ್ಮಿನ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು.

ಬೆನೆಡಿಕ್ಟಾ ಮೈಕಿನ ಮುಂದೆ ನಿಂತು ಓದಿದಳು:

"ಕಾರ್ಮಿನ್ ಬಾಯಿಯವರಿಗೆ. ದೂರದ ದೇಶದಲ್ಲಿ ದಿಕ್ಕಿಲ್ಲದ ಅಜ್ಜಿಯರು ತಮ್ಮಲ್ಲಿದ್ದದ್ದನ್ನು ಕೊಟ್ಟಾಗ ನೀವು ಬೇಡ ಎನ್ನಲಿಲ್ಲ. ಎರಡೂ ಕೈ ಒಡ್ಡಿದಿರಿ. ತಮಗೂ ಕೊಡಲು ಬರುತ್ತದೆ ಎಂಬ ಸಂತೋಷ ಅವರಿಗೆ ನಿಮ್ಮಿಂದ ಸಿಕ್ಕಿತು. ನಿಮ್ಮನ್ನು ಅಡುಗೆಮನೆಗೆ ಕಳಿಸಿದಾಗ ಅವರೂ ನಿಮ್ಮ ಹಿಂದೆ ಅಲ್ಲಿಗೇ ಬಂದರು. ಈ ಶಾಲನ್ನೂ ಹಾಗೆಯೇ ತೆಗೆದುಕೊಳ್ಳಿ."

ಕಾರ್ಮಿನ್ ತೆಗೆದುಕೊಂಡಳು. ಕುಂಕುಮ ಬಣ್ಣದ, ಜರಿಯ ಶಾಲು. ಫಾದರ್ ಹೊದೆಸಿದ ಕೂಡಲೇ ಎರಡೂ ತುದಿ ಎಳೆದು ಬಿಗಿ ಮಾಡಿಕೊಂಡು, ಫೋಟೋದವನಿಗೆ "ಸರಿ ಬರ್ಲಿ ಹಾಂ" ಎಂದಳು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಎಷ್ಟು ಹೊತ್ತೆಂದು ಬೆನೆಡಿಕ್ಟಾಗೆ ಗೊತ್ತಿತ್ತು, ಯಾಕೆಂದರೆ ಹಿಂದಿನ ಯಾವ ಸನ್ಮಾನಕ್ಕೆ ಎಷ್ಟು ಬಿದ್ದಿತ್ತು ಎಂಬುದೂ ಅವಳಿಗೆ ಗೊತ್ತಿತ್ತು. ಹೊರಗೆ ಬರುವಾಗ ಯಾರೋ "ಈ ಸಲ ಪತ್ರ ಗಿಡ್ಡ ಆಯ್ತಲ್ಲ ಟೀಚರ್, ಮೈ ಸರಿ ಇರ್ಲಿಲ್ವಾ?" ಎಂದು ಕೇಳಿದರು. ಹೆಸರಿಲ್ಲದ್ದನ್ನು ಯಾರೂ ಗಮನಿಸಲಿಲ್ಲ.

ಊಟಕ್ಕೆ ಮೊದಲ ಪಂಕ್ತಿ ಕೂರುತ್ತಿತ್ತು. ಅವಳು ರೂಢಿಯ ಹಾಗೆ ಕೊನೆಯ ಪಂಕ್ತಿಗೆಂದು ಕಂಬದ ಬದಿಗೆ ಸರಿದಳು.

"ಬೆನ್ನಾ!" ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕಾರ್ಮಿನ್ ಕರೆದಳು. "ಇಲ್ಲಿ ಜಾಗ ಉಂಟು, ಬಾ."

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾರ್ಮಿನ್ ಇನ್ನೊಂದು ಸಲ ಕರೆಯುವವಳಲ್ಲ ಎಂಬುದೂ ಗೊತ್ತಿತ್ತು. ಬೆನೆಡಿಕ್ಟಾ ಹೋಗಿ ಕೂತಳು. ಎದುರಿನವರು ನೋಡಿದರು, ಟೀಚರು ಮೊದಲ ಪಂಕ್ತಿಯಲ್ಲಿ! ಅವಳಿಗೆ ಕಿವಿ ಬಿಸಿಯಾಯಿತು. ಪಕ್ಕದ ಶಾಲಿನ ಜರಿ ಮೊಣಕೈಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತಿತ್ತು. ಹೊಟ್ಟೆಕಿಚ್ಚೇನೂ ಹೋಗಿರಲಿಲ್ಲ.

ಕಡಲೆಬೇಳೆ ಪಾಯಸ ಬಂತು. ಬಡಿಸುವವನು ಕಾರ್ಮಿನ್‌ಗೆ ಎರಡು ಸೌಟು ಹಾಕಿದ. ಟೀಚರು ಹೇಗೂ ಬೇಡ ಎನ್ನುತ್ತಾರೆಂದು ಊರಿಗೇ ಗೊತ್ತಿದ್ದದ್ದರಿಂದ ಅವಳ ಎಲೆ ದಾಟಿ ಮುಂದೆ ಹೋದ.

"ಏ, ಇಲ್ಲಿ" ಎಂದಳು ಬೆನೆಡಿಕ್ಟಾ. ಸ್ವರ ತಾನೆಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು. "ನನಗೂ ಬೇಕು."